ಕಟ್ಟಿ ಮೇಲಿನ ಕಾಳು

ಸೀಮೆಸುಣ್ಣ ಮುಗಿದಿತ್ತು. ಬಿಲ್ಲು ಪಾಸಾಗಲು
ಇನ್ನೂ ಎಂಟು ದಿನ.
ಬಿಸಿಯೂಟದ ಲಾಲಬಿಯ ಮುಂದೆ ಕೈಯೊಡ್ಡಿದೆ.
ಬೇಳೆ ಕೊಡಲು ಬಂದಳು. ಬೇಡ, ಇಡೀ ಕಾಳು ಬೇಕು,
ಎಲೆಕ್ಟ್ರಾನು ಅರ್ಧ ಇರೂದಿಲ್ಲ ಅಂದೆ.
"ಏನು ಇರೂದಿಲ್ಲೋ ನನಗ ಗೊತ್ತಿಲ್ರೀ ಸರ,
ಇವು ಬಿತ್ತಾಕ ಇಟ್ಟ ತೊಗರಿ.
ಎಣಿಸಿ ಒಯ್ರಿ, ಎಣಿಸಿ ತರ್ರಿ."
ಮೂವತ್ನಾಲ್ಕು ಎಣಿಸಿದೆ.

ವಾಡಿ ಜಂಕ್ಷನ್ನಿನ ಹಳಿ ದಾಟಿದರೆ ನಮ್ಮ ಒಂಬತ್ತನೇ ಕ್ಲಾಸು.
ಹಲಗೆ ಬಿಟ್ಟು ಎಲ್ಲರೂ ನೆಲಕ್ಕೆ ಕೂತೆವು.
ಶಹಾಬಾದಿ ಫರಸಿ, ಬೂದು, ತಣ್ಣಗೆ;
ಇಟ್ಟಂಗಿ ಚೂರಿನಿಂದ ಬರೆದರೆ
ಅಕ್ಷರ ಕೆಂಪಗೆ ಏಳುತ್ತದೆ.
ಎಂಟು ಧಾತುಗಳ ಗುರುತು ಬರೆದೆ,
ಸುತ್ತ ಕಾಳಿಡ್ರಿ ಎಂದೆ.

ಹೈಡ್ರೋಜನ್ನಿಗೆ ಒಂದು, ಬೇಗ ಮುಗೀತು.
ಇಂಗಾಲಕ್ಕೆ ನಾಲ್ಕು, ದಿಕ್ಕಿಗೊಂದು.
ನೈಟ್ರೋಜನ್ನಿನ ಐದನೆಯದು ಎಲ್ಲಿ ಕೂರಬೇಕು
ಎಂದು ಮಾಪಣ್ಣ ತಡೆದು, ತಾನೇ ಹೇಳಿದ:
"ಮಾಳಿಗಿ ಮ್ಯಾಲ ನಾಕು ಹೊರಸು ಇದ್ರ
ನಾಕು ಮಂದಿ ಕಾಲು ಚಾಚಿ ಮಲಗ್ತಾರ್ರಿ.
ಐದನೇಯವ ಬಂದ್ರ
ಯಾರರ ಮುದುಡಬೇಕು."
ಆಕ್ಸಿಜನ್ನಿನ ಆರಕ್ಕೆ ನಾನು ಬಾಯಿ ತೆರೆಯಲೇ ಇಲ್ಲ,
ಅವನೇ ಇಬ್ಬರನ್ನು ಮುದುಡಿಸಿದ.

ಸೋನಾಬಾಯಿಯ ಪಾಲಿಗೆ ಸೋಡಿಯಂ.
ಒಂದು ಕಾಳಿಟ್ಟಳು. ನೋಡುತ್ತ ಕೂತಳು.
"ಸರ, ಇದಕ್ಕ ಹನ್ನೊಂದು ಅಂದಿದ್ರಿ ನಿನ್ನಿ.
ಉಳಿದ ಹತ್ತು ಎಲ್ಲಿ ಹ್ವಾದುವು?"

ಹೊರಗೆ ಗೂಡ್ಸ್ ಶಂಟಿಂಗ್. ಡಬ್ಬಿಗೆ ಡಬ್ಬಿ
ಢಣ್ ಎಂದು ಕೂಡುವ ತನಕ ಉತ್ತರ ಹುಡುಕಿದೆ.

ಅಕ್ಷರದೊಳಗ ಅದಾವವ್ವ.
ಇದು ಬರೀ ಹೆಸರಲ್ಲ, ಬಾಗಿಲು ಹಾಕಿದ ಮನಿ.
ಎರಡು ದೇವರ ಕೋಣ್ಯಾಗ, ಎಂಟು ಪಡಸಾಲ್ಯಾಗ,
ಅವು ಓಣಿಗೆ ಬರೂದಿಲ್ಲ.
ಹೊರಗ ಕಟ್ಟಿ ಮ್ಯಾಲ ಒಬ್ಬ ಕೂತಾನಲ್ಲ,
ಕೊಡೂದು, ತಗೊಳ್ಳೂದು, ಬೀಗತನ,
ಎಲ್ಲ ಅವನ ಕೂಡ.
ಚುಕ್ಕಿ ಅಂದ್ರ ಕಟ್ಟಿ ಮೇಲಿನವರ ಲೆಕ್ಕ.

ನಿಯಾನ್ ಕಟ್ಟಿ ತುಂಬಿತ್ತು, ಎಂಟು.
"ಇದರ ಕೂಡ ಏನು ಮಾಡೂದ್ರಿ?"
ಏನೂ ಇಲ್ಲ. ಸುಮ್ಮನೆ ನೋಡು.
ಬಾಜುವಿನಲ್ಲಿ ಕ್ಲೋರಿನ್, ಏಳಿಟ್ಟುಕೊಂಡು
ಇನ್ನೊಂದಕ್ಕೆ ಬಾಯಿಬಿಟ್ಟು ಕೂತಿತ್ತು.
ಸೋಡಿಯಂನ ಆ ಒಂದು ಇತ್ತ ಸರಿದರೆ
ಉಪ್ಪು, ಎನ್ನುವಷ್ಟರಲ್ಲಿ

ಲಾಲಬಿಯದೇ ಕೋಳಿ ಹೊಸ್ತಿಲು ದಾಟಿ,
ಏಳು ಬಿಟ್ಟು, ಎಂಟು ಬಿಟ್ಟು, ನೇರ ಬಂದು
ಒಂಟಿ ಕಾಳನ್ನೇ ಕುಕ್ಕಿತು.
ಸಡಿಲ ಇರುವುದು ಮೊದಲು ಹೋಗುತ್ತದೆ ಎಂದು
ಕೋಳಿಗೆ ಯಾರು ಕಲಿಸಿದರೋ.

"ಸೋಡಿಯಂ ಖಾಲಿ ಆತ್ರಿ!"
ಖಾಲಿ ಅಲ್ಲ, ಅಯಾನು ಆತು ಎಂದು
ಅಕ್ಷರದ ಮೇಲಂಚಿಗೆ ಪ್ಲಸ್ ಎಳೆದೆ.
"ಕಳಕೊಂಡದ್ದಕ್ಕ ಪ್ಲಸ್ಸಾ?" ಸೋನಾಬಾಯಿ ನಕ್ಕಳು,
"ಹಂಗಾರ ನಮ್ಮನಿ ಗ್ವಾಡಿಗೆ ಜಾಗ ಸಾಲೂದಿಲ್ರೀ."

ಉಳಿದದ್ದು ಕ್ಯಾಲ್ಸಿಯಂ, ಎರಡು ಕಾಳು.
ಎಲ್ಲಿ ಸಿಗತದ ಎಂದರು. ಕೂತ ನೆಲವನ್ನೇ ತಟ್ಟಿದೆ.
ಅವಳ ಅಪ್ಪ ಖಣಿಯಲ್ಲಿ ಉಳಿ ಇಟ್ಟು
ಪದರ ಬಿಡಿಸುವುದು ಇದೇ ಫರಸಿಯದು.
ಬಗ್ಗಿ, ಕೆನ್ನೆ ನೆಲಕ್ಕೆ ಹಚ್ಚಿ ನೋಡಿದಳು.
"ಇದರಾಗ ಎರಡು ಚುಕ್ಕಿ ಅದಾವೇನ್ರಿ?"

ಇಲ್ಲ. ಎರಡೂ ಕೊಟ್ಟಾಗಿದೆ,
ಇಲ್ಲಿ ಸಮುದ್ರ ಬರುವುದಕ್ಕೂ ಮೊದಲೇ.
ಕೊಟ್ಟದ್ದಕ್ಕೇ ಕಲ್ಲು, ಕಲ್ಲಾಗಿ ಕೂತದ.

ಗಂಟೆ ಹೊಡೆಯಿತು. ಬಳಿದು ಎಣಿಸಿದರೆ ಮೂವತ್ಮೂರು.
ಲಾಲಬಿ ಎರಡು ಸಲ ಎಣಿಸಿದಳು.
ಒಂದು ನಿನ್ನ ಕೋಳಿ ಹೊಟ್ಟ್ಯಾಗ ಅದ ಎಂದೆ.
"ಇರ್ಲಿ ಬಿಡ್ರಿ. ತತ್ತಿ ಇಡ್ತದ."

ಊಟದ ಮೇಲೆ ಬಂದು ನೋಡಿದರೆ
ಅಕ್ಷರಗಳು ಬರಿದೆ ಕೂತಿವೆ, ಕಾಳಿಲ್ಲದೆ.
ಸೋಡಿಯಂಗೂ ಕ್ಲೋರಿನ್ನಿಗೂ ನಡುವೆ
ಯಾರೋ ಒಂದು ಚಿಟಿಕೆ
ಉಪ್ಪು ಇಟ್ಟು ಹೋಗಿದ್ದಾರೆ.