ಎಡತೋಳಿನ ಪಟ್ಟೆ

ಮ್ಯೂಸಿಯಮ್ಮಿಗೆ ಹೊರಟಾಗಲೂ
ಮೇಸ್ತ್ರಿ ದೊಫಿನಿ ಸಾನು ಅವರ ಕೊರಳಲ್ಲಿ ಅಳತೆಪಟ್ಟಿ.
ತೆಗೆದಿಡಿ ಅಂದೆ.
"ಹೆಂಡತಿಯನ್ನು ಮಣ್ಣು ಮಾಡಿದ ದಿನವೂ ತೆಗೆದಿರಲಿಲ್ಲ" ಅಂದರು.
ಫ್ರೆಂಚ್ ಓದಲು ಒಬ್ಬರು ಬೇಕು, ಹಾಗಾಗಿ ನಾನು.
ಅಂಗಡಿಗೆ ಬೀಗ; ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ
ಈಗ ಬಂದೆವು.

ಬೋಬೋ-ದಿಯುಲಾಸೋಗೆ ಮರಳುಗಾಡಿನ ಗಾಳಿ ಇಳಿದು ವಾರವಾಗಿತ್ತು.
ಮಾವಿನೆಲೆಯ ಮೇಲೆಲ್ಲ ಯಾರೋ ಹಿಟ್ಟು ಜರಡಿ ಹಿಡಿದಂತೆ.
ಒಳಗೆ ತಂಪು. ಬಿಳಿ ಗೋಡೆ.
ಗೋಡೆಯ ತುಂಬ ಆಳೆತ್ತರದ ಜನ:
ಡಕಾರಿನ ತಾರಸಿಯಲ್ಲಿ ಟಗರಿಗೆ ಸೋಪು ಹಚ್ಚುವ ಹುಡುಗರು,
ಲುಬುಂಬಾಷಿಯ ಗಣಿಯ ಮುಂದೆ ಮದುವೆಯ ಗೌನು ತೊಟ್ಟ ಗಂಡಸು,
ಮೊಂಬಾಸಾದ ಒಬ್ಬಾಕೆ, ಮುಖಕ್ಕೆ ಅಡ್ಡವಾಗಿ ಕನ್ನಡಿ ಹಿಡಿದವಳು,
ಕನ್ನಡಿಯೊಳಗೆ ಕ್ಯಾಮೆರಾ ಹಿಡಿದ ಇನ್ನೊಬ್ಬಾಕೆ.

ಬಂದವರೆಲ್ಲ ಕಣ್ಣು ನೋಡುತ್ತಿದ್ದರು.
ಮೇಸ್ತ್ರಿ ಹೊಲಿಗೆ ನೋಡುತ್ತಿದ್ದರು.
"ಕಂಕುಳಲ್ಲಿ ಬಿಗಿ."
"ಕಾಲರಿಗೆ ಕ್ಯಾನ್ವಾಸೇ ಹಾಕಿಲ್ಲ, ಪಾಪ."
ಗೌನಿನ ಗಂಡಸಿನ ಮುಂದೆ ತುಂಬ ಹೊತ್ತು ನಿಂತು
"ಅಳೆದು ಹೊಲಿಸಿದ್ದು, ಎರವಲಲ್ಲ" ಅಂದರು,
ಗೌರವದಿಂದ.

ಮೂಲೆ ತಿರುಗಿದರೆ ಸೂಮಾಯಿಲ.
ಸ್ಕೂಟರಿನ ಮೇಲೆ, ಬಿಸಿಲಿಗೆ ಒಂದು ಕಣ್ಣು ಮುಚ್ಚಿ.
ಮೈಮೇಲೆ ನಮ್ಮ ಅಂಗಡಿಯ ಅಂಗಿ,
ಕೈಮಗ್ಗದ ದಪ್ಪ ಬಟ್ಟೆ, ಬಿಳಿಗೆ ನೀಲಿ ಅಡ್ಡಪಟ್ಟೆ.
ಎದೆಯ ಪಟ್ಟೆ ಒಂದು ಕಡೆ,
ಎಡತೋಳಿನದು ಎರಡು ಬೆರಳು ಕೆಳಗೆ.

ನನ್ನ ಎದೆ ಧಸಕ್ಕೆಂದಿತು.
ಅದು ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ.
ತೋಳು ತಲೆಕೆಳಗಾಗಿ ಕತ್ತರಿಸಿ
ಒಂದು ಗೇಣು ಬಟ್ಟೆ ಕೆಡಿಸಿದ್ದೆ.
"ನೇಯ್ದವರೇ ಕಡಿಮೆ ಕೊಟ್ಟರು, ಲೆಕ್ಕ ನನ್ನದು ತಪ್ಪಿತು"
ಎಂದು ಗಿರಾಕಿಗೆ ಐನೂರು ಫ್ರಾಂಕ್ ಬಿಟ್ಟು
ನನ್ನ ತಪ್ಪನ್ನು ಹೊಟ್ಟೆಗೆ ಹಾಕಿಕೊಂಡಿದ್ದರು ಮೇಸ್ತ್ರಿ.
ಉಳಿದ ಸಾವಿರದೈನೂರು ಇವತ್ತಿಗೂ ಬಂದಿಲ್ಲ.
ಅಕ್ಷರ ಬಾರದ ಅವರ ಲೆಕ್ಕದ ಪುಸ್ತಕದಲ್ಲಿ
ಸೂಮಾಯಿಲ ಎಂದರೆ ಒಂದು ಪುಟ್ಟ ಸ್ಕೂಟರ್ ಚಿತ್ರ.

"ಏನು ಬರೆದಿದೆ?"
ಓದಿದೆ. ಛಾಯಾಗ್ರಾಹಕಿ ಅಸೆಟು ಬಾರೋ.
ಬೇಕೆಂದೇ ಮುರಿದ ಪಟ್ಟೆ.
ಒಂದು ತಲೆಮಾರು ತನ್ನ ಮೈಮೇಲೆ ತಾನೇ ಎಳೆದುಕೊಂಡ ಗಡಿ.
"ಗಡಿಯಾ?"
"ಗಡಿ."
"ಯಾರು ಎಳೆದರಂತೆ?"
"ತಲೆಮಾರು."
"ತಲೆಮಾರಿಗೆ ಕತ್ತರಿ ಹಿಡಿಯಲು ಬರುತ್ತದಾ?"

ಕೊರಳಿನ ಪಟ್ಟಿ ಬಿಚ್ಚಿ ಮುಂದೆ ಬಾಗಿದರು.
ಕಾವಲಿನ ಉರ್ಬೇನ್ ಓಡಿಬಂದ: ಅಜ್ಜಾ, ಗೆರೆಯಿಂದಾಚೆ.
ಆಚೆಯೇ ನಿಂತು, ಗಾಳಿಯಲ್ಲಿ ಪಟ್ಟಿ ಹಿಡಿದು, ಒಂದು ಕಣ್ಣು ಮುಚ್ಚಿ
(ಸೂಮಾಯಿಲನೂ ಒಂದು ಕಣ್ಣು ಮುಚ್ಚಿದ್ದ)
ಅಳೆದೂ ಸುರಿದೂ ಹೇಳಿದರು:
"ಫೋಟೋ ದೊಡ್ಡದು ಮಾಡಿದ್ದಾರೆ.
ಎರಡು ಬೆರಳು ಈಗ ಒಂದು ಗೇಣು."

"ಮೇಸ್ತ್ರಿ, ಇದು ತಪ್ಪಲ್ಲ ಅಂತ ಅವರು…"
"ತಪ್ಪೇ.
ಗಾಜು ಹಾಕಿದರೆ ನೆಟ್ಟಗಾಗುತ್ತದಾ?"

ನಾನು ನೆಲ ನೋಡುತ್ತಿದ್ದೆ. ನೆಲ ಬಹಳ ನುಣುಪಾಗಿತ್ತು.
"ಈ ಕಾಜ ಯಾರದು?"
"ಯಾವುದು?"
"ಮೇಲಿಂದ ಮೂರನೆಯದು."
"ಅದೂ ನನ್ನದೇ."
ಒಂದು ನಾಣ್ಯದಗಲದ ಕಾಜ ಅಲ್ಲಿ ಬಾಗಿಲಷ್ಟಾಗಿತ್ತು,
ಒಂದೊಂದು ಎಳೆಯೂ ಹಗ್ಗ.
ದೂರದಿಂದ ಬೆರಳಾಡಿಸುತ್ತ ಎಣಿಸಿದರು. ಇಪ್ಪತ್ತಾರು.
ಎಲ್ಲೂ ತಪ್ಪಿರಲಿಲ್ಲ.
"ಹ್ಞೂಂ."

ಏಳು ವರ್ಷದಲ್ಲಿ ಇದು ಎರಡನೆಯ ಹ್ಞೂಂ.
ಮೊದಲನೆಯದು ನನಗೋ, ದಾರಿಯಲ್ಲಿ ಹೋಗುತ್ತಿದ್ದ ಕತ್ತೆಗೋ,
ಇನ್ನೂ ಖಾತ್ರಿಯಿಲ್ಲ.

ಅಂಗಡಿಗೆ ಬಂದು, ಧೂಳು ಊದಿ, ಪುಸ್ತಕ ತೆರೆದರು.
ಸ್ಕೂಟರ್ ಚಿತ್ರದ ಸುತ್ತ
ಸ್ಕೇಲು ಇಟ್ಟು ನಾಲ್ಕು ಗೆರೆ ಎಳೆದರು.
ಸಾಲ ತೀರಿತೋ,
ಚಿತ್ರಕ್ಕೆ ಚೌಕಟ್ಟು ಬಿತ್ತೋ,
ನಾನು ಕೇಳಲಿಲ್ಲ.
ಕತ್ತರಿಯನ್ನು ನನ್ನ ಕಡೆಗೆ ತಳ್ಳಿ,
"ಸ್ಕೂಲು ಮಕ್ಕಳ ಚಡ್ಡಿ. ಇಪ್ಪತ್ತೆರಡು.
ಪಟ್ಟೆಯಿಲ್ಲ, ಹೆದರಬೇಡ" ಅಂದರು.