ಪ್ರಶ್ನೆ ಹದಿನಾಲ್ಕು

ಕಾರವಾರದ ಆಸ್ಪತ್ರೆ, ಎರಡನೇ ಮಹಡಿ,
ಎಂಡೋಸ್ಕೋಪಿ ಕೋಣೆಯ ಹೊರಗೆ
ಒಂದು ಕಾಲು ಕುಂಟುವ ಮೇಜು ನನ್ನದು.
ಇಂಕ್ ಪ್ಯಾಡು, ಹೆಬ್ಬೆಟ್ಟು ಒರೆಸುವ ಹತ್ತಿ,
ನೂರಿಪ್ಪತ್ತು ಫಾರ್ಮು, ತಲಾ ಆರು ಪುಟ.
ಅಧ್ಯಯನದ ಹೆಸರು ಉದ್ದ. ನಾನು ಕರೆಯುವುದು ಹೊಟ್ಟೆಕೆಲಸ.

ಡಾಕ್ಟರ್ ವೃಂದಾ ರಾಯ್ಕರ್ ಇಂಗ್ಲಿಷಿನಲ್ಲಿ ಬರೆದದ್ದನ್ನು
ಧಾರವಾಡದಲ್ಲಿ ಯಾರೋ ಕನ್ನಡ ಮಾಡಿದ್ದಾರೆ.
ಆ ಕನ್ನಡವನ್ನು ಇಲ್ಲಿ ನಾನು ಮತ್ತೆ ಕನ್ನಡ ಮಾಡುತ್ತೇನೆ,
ಕೆಲವರಿಗೆ ಕೊಂಕಣಿ.
'ಜಠರದ ಮೇಲ್ಭಾಗದಲ್ಲಿ ದಹನಾನುಭವ' ಅಂದರೆ
ಉರಿ ಇದ್ಯಾ, ಇಲ್ಲಿ, ಎದೆಗೂಡಿನ ಕೆಳಗೆ?

ಊಟಕ್ಕೆ ಎಂತ? ಗಂಜಿ.
ಗಂಜಿಗೆ? ಉಪ್ಪುಮೀನು.
ಉಪ್ಪುಮೀನಿಗೆ? ನಕ್ಕುಬಿಟ್ಟಳು ಮೂವತ್ತೊಂದನೆಯವಳು: ಗಂಜಿ.
ಮದ್ಯದ ಖಾನೆಗೆ, ಹೆಂಡತಿ ಪಕ್ಕದಲ್ಲಿದ್ದರೆ ಸೊನ್ನೆ;
ನೀರು ಕುಡಿಯಲು ಅವಳು ಎದ್ದರೆ, ಎರಡು ಕ್ವಾರ್ಟರ್.

ನಲವತ್ತೇಳು: ಜಟ್ಟು ಹರಿಕಂತ್ರ.
ಬೋಟು ಕಟ್ಟಿಟ್ಟ ದಿನಗಳು, ಅದಕ್ಕೇ ಬಂದದ್ದು.
ವಯಸ್ಸು? 'ಬರ್ಕೊಳ್ಳಿ ಐವತ್ತು.'
ವಿಳಾಸದಲ್ಲಿ ಎರಡು ಊರು:
ಅರ್ಗಾ, ಅದಕ್ಕೊಂದು ಅಡ್ಡಗೆರೆ, ತೋಡೂರು ಕಾಲನಿ.
'ನಮ್ಮ ಬಾವಿ ನೇವಿಯವರ ಗೋಡೆಯೊಳಗದೆ. ಅದನ್ನೂ ಬರೀರಿ.'
ಖಾನೆ ಇರಲಿಲ್ಲ.

ಪ್ರಶ್ನೆ ಹದಿನಾಲ್ಕು: ಉಬ್ಬರ ಬರುತ್ತದೆಯೇ? ಯಾವ ಹೊತ್ತಿಗೆ?
ಹೊಟ್ಟೆಯದು ಎಂದು ಹೇಳಲು ಮರೆತೆ.
ನೆಟ್ಟಗೆ ಕೂತ. ಅಲ್ಲಿವರೆಗೆ ಉತ್ತರ ಕೊಟ್ಟವ ರೋಗಿ,
ಈಗ ಮಾತಾಡಿದವ ಬೇರೆ.
'ಅಮಾಸೆಗೆ ಹನ್ನೊಂದರ ಹತ್ರ.
ಮರುದಿನ ಮುಕ್ಕಾಲು ತಾಸು ತಡ, ಹಂಗೇ ಜರೀತಾ ಹೋಗ್ತದೆ.
ಅಷ್ಟಮಿ ನೀರಿಗೆ ಸೊಕ್ಕಿಲ್ಲ,
ಬಂದ ಹಾಗೆ ಮಾಡಿ ನಿಲ್ತದೆ.
ತೆಂಕಣ ಗಾಳಿ ಆದ್ರೆ ಮಾತ್ರ ಸ್ವಲ್ಪ ಮುಂಚೆ.'
ನಾನು ತಡೆಯಲಿಲ್ಲ. ತಡೆದಿದ್ದರೆ
ಮತ್ತೆ ರೋಗಿಯಾಗುತ್ತಿದ್ದ.

ಆಮೇಲೆ ಎಡಮಗ್ಗುಲಾಗಿ ಮಲಗಿ ಕಪ್ಪು ಕೊಳವೆ ನುಂಗಿದ.
ಪರದೆಯ ಮೇಲೆ ಒದ್ದೆ ಸುರಂಗ,
ತಿರುವಿನಲ್ಲಿ ನಾಕಾಣೆಯಷ್ಟು ಬಿಳೀ ಹುಣ್ಣು.
ಚಿಮಟದಲ್ಲಿ ಚಿವುಟಿದ ಚೂರು ಹಳದಿ ದ್ರವಕ್ಕೆ ಬಿದ್ದು
ಹತ್ತೇ ನಿಮಿಷಕ್ಕೆ ಅದನ್ನು ಕೆಂಪಗೆ ಮಾಡಿತು.
ಸೀಸೆ ಬೆಳಕಿಗೆ ಹಿಡಿದು, ಗಂಟಲು ಕೆಟ್ಟ ದನಿಯಲ್ಲಿ ಅಂದ:
'ಬಂಗಡೆ ಕಿವಿರಿನ ಬಣ್ಣ. ತಾಜಾ ಮಾಲು.'

ಮಧ್ಯಾಹ್ನ ಡಾಕ್ಟರು ಡಬ್ಬಿಯ ಪಕ್ಕ ಹರವಿಕೊಂಡಿದ್ದರು
ಥೈಲ್ಯಾಂಡಿನ ಆಸ್ಪತ್ರೆಯೊಂದರ ವರದಿ.
ಅಲ್ಲೂ ಅನ್ನ, ಮೀನು, ಹುಳಿ, ಖಾರ. ಅಲ್ಲೂ ಇದೇ ಹುಣ್ಣು.
ಕೋಷ್ಟಕ ಒಂದು: ಸರಾಸರಿ ವಯಸ್ಸು ಐವತ್ತೆರಡು ಪಾಯಿಂಟ್ ನಾಲ್ಕು.
ಆ ವಯಸ್ಸಿನವ ಒಬ್ಬನೂ ಬಂದಿರಲಿಕ್ಕಿಲ್ಲ.
ನಲವತ್ತೇಳನೆಯವನಂತೂ ಬಂದಿರಬೇಕು,
ಅವನೆದುರು ಒಬ್ಬಳು, ಒಂದು ಮೇಜು.
ಅವರ ಭಾಷೆಯಲ್ಲಿ ಹೊಟ್ಟೆಗೂ ಕಡಲಿಗೂ
ಒಂದೇ ಮಾತು ಉಂಟೋ ಇಲ್ಲವೋ.
ಕೋಷ್ಟಕದ ಕೆಳಗೆ ಸಣ್ಣಕ್ಷರ: ಹನ್ನೊಂದು ಮಂದಿ ಮರಳಿ ಬಂದಿಲ್ಲ.

ಹದಿನಾಲ್ಕಕ್ಕೆ ಕಂಪ್ಯೂಟರು ಕೇಳುವುದು
ಸೊನ್ನೆ ಅಥವಾ ಒಂದು. ಒಂದು ಒತ್ತಿದೆ.
'ಅಂಚಿನಲ್ಲಿ ಇದೇನು ಪೆನ್ಸಿಲು, ಹನ್ನೊಂದು, ಮುಕ್ಕಾಲು?'
ಅಳಿಸುತ್ತೇನೆ ಮೇಡಂ ಅಂದೆ.
ರಬ್ಬರು ಹುಡುಕಲಿಲ್ಲ.

ಆರನೇ ವಾರ ಜಟ್ಟು ಬರಲಿಲ್ಲ.
ನಿಷೇಧ ಮುಗಿದು ಬೈತಖೋಲದಿಂದ ಬೋಟುಗಳು ಹೊರಟಾಗಿತ್ತು.
ಫೋನಿನಲ್ಲಿ ಅದೇ ಹುಡುಗಿ: ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ.
ಮೂರು ಸಲ ಕರೆದರೆ ಸಾಕೆಂದು ನಿಯಮ, ನಾನು ಐದು ಸಲ ಕರೆದೆ.
ಎರಡು ವಾರದ ಗುಳಿಗೆ ಪೂರ್ತಿ ನುಂಗಿದನೋ,
ಉರಿ ತಣಿದ ಮೂರನೇ ದಿನ ಕಿಟಕಿಯಲ್ಲಿಟ್ಟನೋ.
ಖಾನೆಗೆ ಒಂಬತ್ತು ಹಾಕಿದೆ.
ಒಂಬತ್ತೆಂದರೆ ಸಂಪರ್ಕ ತಪ್ಪಿದವ.

ಆ ದಿನ ಬೇಗ ಮುಗಿಸಿ ಕೋಡಿಬಾಗದಲ್ಲಿ ಬಸ್ಸಿಳಿದು
ಕಾಳಿಯ ದಂಡೆಯಲ್ಲಿ ನಿಂತೆ,
ಮುರಿದ ಹಳೇ ಸೇತುವೆಯ ಕಂಬ ಕಾಣುವಲ್ಲಿ.
ತಿಥಿ ಅಷ್ಟಮಿ. ಅಜ್ಜ ಹೊಡೆದು ಕಲಿಸಿದ ಮಗ್ಗಿ:
ಎಂಟು ಮುಕ್ಕಾಲು ಆರು.
ಹನ್ನೊಂದಕ್ಕೆ ಆರು ಕೂಡಿದರೆ ಸಂಜೆ ಐದು.

ಚಿಪ್ಪು ಕಚ್ಚಿದ ಗೆರೆಗಿಂತ ಒಂದು ಗೇಣು ಕೆಳಗೆ
ನೀರು, ಬಂದ ಹಾಗೆ ಮಾಡಿ, ನಿಂತಿತು.
ವಾಚು ನೋಡಿದೆ. ಐದು ಹತ್ತು.
ಗಾಳಿ ತೆಂಕಣದ್ದಾಗಿರಲಿಲ್ಲ.