ಮರದ ಹಿಂದಿನ ಮಗ್ಗುಲು

ಸ್ಟ್ರೆಂಚಿಯ ಸೇತುವೆಯಿಂದ ವಾಲ್ಮಿಯೆರಾದ ತನಕ
ಗೌಯಾ ನದಿಯ ದಂಡೆಗುಂಟ
ಒಂದು ಹಗಲಿನ ದಾರಿ.
ನನ್ನ ಕೈಯಲ್ಲಿ ಬಿಳಿ ಬಣ್ಣದ ಡಬ್ಬಿ, ಕುಂಚ,
ಚೀಲದಲ್ಲಿ ರೈ ರೊಟ್ಟಿ, ಹೊಗೆಯಾಡಿಸಿದ ಮೀನು.
ಹಿಂದೆ ರೈಮೊಂಡ್ಸ್, ಹದಿನೇಳರ ಹುಡುಗ,
ಬೂಟಿನ ತುಂಬ ಆಗಲೇ ನೀರು.

ಏಪ್ರಿಲ್ ಇಲ್ಲಿ ಬೇಸಿಗೆಯಲ್ಲ.
ನೆರಳಿದ್ದಲ್ಲೆಲ್ಲ ಹಿಮ ಇನ್ನೂ
ತಳ ಹಿಡಿದ ಗಂಜಿ.
ಬರ್ಚ್ ಮರಗಳ ಸೊಂಟಕ್ಕೆ ಯಾರೋ ಕಟ್ಟಿದ ಸೀಸೆ:
ತೊಟ್ಟು. ತುಸು ತಡೆದು, ತೊಟ್ಟು.
ಕದ್ದು ಕುಡಿಯೋಣವೇ, ಅಂದ.
ಕೇಳಿ ಕುಡಿಯೋಣ, ಅಂದೆ.
ಕೇಳಲು ಮೈಲಿಯುದ್ದಕ್ಕೂ ಯಾರಿರಲಿಲ್ಲ.
ಕುಡಿದೆವು. ನೀರಿಗಿಂತ
ಒಂದು ಗುಲಗಂಜಿ ತೂಕ ಹೆಚ್ಚು ಸಿಹಿ.

ಕೆಲಸ ಸರಳ. ಒಂದು ಗುರುತಿನ ಬಳಿ ನಿಂತರೆ
ಮುಂದಿನದು ಕಾಣಬೇಕು. ಅಷ್ಟೇ.
ಅದರಾಚೆಯದೂ ಕಂಡರೆ ಬಣ್ಣ ದಂಡ.
ತೊಗಟೆ ಕೆರೆ, ಪಾಚಿ ತೆಗೆ,
ಒದ್ದೆಯಿದ್ದರೆ ಅಂಗಿಯ ತೋಳಿಂದ ಒರೆಸು.
ಒಂದು ಗೇಣು ಉದ್ದ, ನಾಲ್ಕು ಬೆರಳಗಲ.
ಸೋರಿದರೆ ಸೋರಲಿ, ಅದೇನು ಸಹಿಯಲ್ಲ.

ಹೋದ ವರ್ಷದ ದಾರಿ ಈ ವರ್ಷ ನದಿ.
ಮರಳಿನ ದಂಡೆಯನ್ನು ಅಡಿಯಿಂದ ಕೊರೆಯುತ್ತದೆ;
ಮೇಲೆ ಹುಲ್ಲು, ಏನೂ ಆಗದ ಹಾಗೆ
ಗಾಳಿಯಲ್ಲಿ ಚಾಚಿಕೊಂಡಿರುತ್ತದೆ.
ಕಳೆದ ಸಲ ನಾನು ಕೂತು ಉಂಡ ಜಾಗದಲ್ಲಿ
ಈಗ ಬಾತುಕೋಳಿ ಸುತ್ತುತ್ತಿದೆ.
ಮೂರು ಪೈನ್ ಮರ ತಲೆಕೆಳಗು.
ಒಂದರ ಮೇಲೆ ನನ್ನದೇ ಗುರುತು,
ಮೊಳದಾಳದಲ್ಲಿ, ಬೆಳ್ಳಗೆ,
ಮೀನುಗಳಿಗೆ ವಾಲ್ಮಿಯೆರಾದ ದಿಕ್ಕು ತೋರುತ್ತ.
ಹುಡುಗ ನಕ್ಕ. ನನಗೂ ನಗು ಬಂತು,
ಪೂರ್ತಿ ಬರಲಿಲ್ಲ.

ಮಿರ್ದ್ಜಾಳ ತೋಟದ ನಾಯಿ ನಮ್ಮನ್ನು ಮೊದಲು ಕಂಡಿತು.
ನೋಡು, ಅಂದಳು, ಈ ಸ್ನಾನದ ಮನೆ ಕಟ್ಟಿದಾಗ
ಬಿಸಿಯಿಂದೆದ್ದು ನೀರಿಗೆ ಹಾರಲು ಮೂವತ್ತು ಹೆಜ್ಜೆ,
ಈಗ ನಾಲ್ಕು.
ವಯಸ್ಸಾದವಳು, ನದಿಗೆ ಗೊತ್ತಾಗುತ್ತದೆ.

ನನ್ನ ಅಜ್ಜ ಅರ್ವಿಡ್ಸ್ ತೆಪ್ಪದವನು.
ದಿಮ್ಮಿಗಳನ್ನು ಎಳೆಗೊಂಬೆಗಳಲ್ಲಿ ಹೆಣೆದು
ವಸಂತದ ನೆರೆಯ ಬೆನ್ನೇರಿ ಇಳಿಯುತ್ತಿದ್ದ.
ಹೋಗುವಾಗ ನದಿ ಹೊರುತ್ತದೆ, ಕೂಲಿ ಕೇಳುವುದಿಲ್ಲ;
ಬರುವಾಗ ಮಾತ್ರ ನಿನ್ನ ಕಾಲು ನಿನ್ನದು, ಅನ್ನುತ್ತಿದ್ದ.
ದಿಮ್ಮಿ ಮಾರಿದ ಮೇಲೆ
ಹೆಗಲಿಗೆ ಹಗ್ಗದ ಸುರುಳಿ, ಕೈಯಲ್ಲಿ ಕೊಕ್ಕೆಗೋಲು,
ನೀರಿಗೆ ಎದುರಾಗಿ ಇದೇ ದಂಡೆ.
ಒಮ್ಮೆ ಅಜ್ಜಿಗೆಂದು ಕೊಂಡ ಪಿಂಗಾಣಿ ತಟ್ಟೆಯನ್ನು
ಅಷ್ಟೂ ದೂರ ಎದೆಗವಚಿ ತಂದು
ಮನೆಯ ಹೊಸ್ತಿಲಲ್ಲಿ ಎಡವಿದನಂತೆ.
ಒಂದು ಚೂರು ಇನ್ನೂ ನಮ್ಮ ಕಿಟಕಿಯಲ್ಲಿದೆ:
ನೀಲಿ ಹೂವಿನ ಅರ್ಧ.

ಇನ್ನೊಂದು ಸಲ ಇಲ್ಲೇ ಎಲ್ಲೋ ದಾರಿ ತಪ್ಪಿ
ಜೌಗಿನಲ್ಲಿ ರಾತ್ರಿ ಕಳೆದ.
ಗುರುತುಗಳಿದ್ದವು, ಅರಣ್ಯದವರು ಕೊಡಲಿಯಲ್ಲಿ ಕೆತ್ತಿದ್ದು.
ಎಲ್ಲವೂ ಪೇಟೆಗೆ ಹೋಗುವವರ ಕಡೆ ಮುಖ ಮಾಡಿದ್ದವು.
ತಿರುಗಿ ಬರುವವನಿಗೆ
ಬರೀ ತೊಗಟೆ.

ಅದಕ್ಕೇ ರೈಮೊಂಡ್ಸ್‌ಗೆ ಹೇಳಿದೆ:
ಬಳಿದಾದ ಮೇಲೆ ಮರವನ್ನು ಸುತ್ತಿ ಬಾ,
ಹಿಂದಿನ ಮಗ್ಗುಲಿಗೂ ಬಳಿ.
ಈಗ ಯಾರು ವಾಪಸು ನಡೀತಾರೆ, ಅಂದ,
ರೈಲಿನಲ್ಲಿ ಇಪ್ಪತ್ತು ನಿಮಿಷ.
ನಿಜ. ನಮ್ಮ ಟಿಕೆಟ್ಟೂ ನನ್ನ ಜೇಬಿನಲ್ಲೇ ಇತ್ತು.
ಆದರೂ ಬಳಿ, ಅಂದೆ.
ಗೊಣಗುತ್ತ ಬಳಿದ.

ಊರಿನ ಮೊದಲ ಬೇಲಿ ಕಾಣುವಾಗ
ಕೊಕ್ಕರೆಗಳೆರಡು ಹೊಲದಲ್ಲಿ ಕೂಗಿಕೊಂಡವು, ಡಬ್ಬಿ ಬರಿದಾಯಿತು.
ಕೊನೆಯ ಲಿಂಡನ್ ಮರಕ್ಕೆ
ಮುಂದಿನ ಮಗ್ಗುಲು ಮಾತ್ರ, ಅದೂ ತೆಳುವಾಗಿ.
ಸಾಕು ಬಾ, ಅಂದೆ. ನಾನು ನಡೆದೆ.
ಅವನು ಕೊಂಚ ತಡವಾಗಿ ಬಂದ.

ಸ್ಟೇಷನ್ನಿನ ದೀಪದಡಿ ನೋಡಿದೆ:
ಬಲ ಅಂಗೈ ಇಡೀ ಬೆಳ್ಳಗೆ.
ನಾನು ಕೇಳಲಿಲ್ಲ. ರೈಲು ತಡ.
ಉಳಿದ ಮೀನನ್ನು ಹಂಚಿಕೊಂಡೆವು,
ಅವನು ಎಡಗೈಯಲ್ಲಿ ತಿಂದ.